ಮೇಲಿನವರ ಆದೇಶದ ಮೇರೆಗೆ

ಇಪ್ಪತ್ತೆರಡು ವರ್ಷದ ಹಿಂದೆ ನಮ್ಮೂರ ಸರ್ಕಾರಿ ಆಸ್ಪತ್ರೆಗೆ ಬೋರ್ಡು ಬರೆದವನು ನಾನೇ. 'ಸಮಯ: ಬೆಳಿಗ್ಗೆ 10ರಿಂದ ಸಂಜೆ 4. ಮೇಲಿನವರ ಆದೇಶದ ಮೇರೆಗೆ.' ಅಕ್ಷರಗಳು ಈಗಲೂ ಮುತ್ತಿನಂತಿವೆ. ಆ ಸಮಯಕ್ಕಿಷ್ಟು ಬೆಂಕಿ ಹಾಕ! ಊರಿನ ಅರ್ಧ ಜನ ಗಿರಣಿಯಲ್ಲಿ ಎಂಟರಿಂದ ಐದರವರೆಗೆ ದುಡಿಯುತ್ತಾರೆ. ಅವರು ಹೊರಗೆ ಬರುವ ಹೊತ್ತಿಗೆ ಆಸ್ಪತ್ರೆಗೆ ಬೀಗ.

ನನ್ನ ಮಗಳೂ ಅಲ್ಲೇ ನೂಲು ಸುತ್ತುವವಳು, ಬಸುರಿ. ಕಾಲು ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ.

"ಒಂದಿನ ರಜಾ ಹಾಕಿ ತೋರಿಸ್ಕೊಂಡು ಬಾರೇ" ಅಂದರೆ, "ರಜಾ ಹಾಕಿದ್ರೆ ನಾಳೆ ನನ್ನ ಜಾಗದಲ್ಲಿ ಬೇರೆಯವ್ರು ಕೂತಿರ್ತಾರಪ್ಪ" ಅನ್ನುತ್ತಿದ್ದಳು. ಆ ಕಾಲು ನೋಡಿದಾಗಲೆಲ್ಲ ನನ್ನ ಕರುಳು ಚುರ್ ಅನ್ನುತ್ತಿತ್ತು.

ಅಷ್ಟರಲ್ಲಿ ಹೊಸ ಕಾನೂನು ಬಂತು: ಆಸ್ಪತ್ರೆಯ ಸಮಯದಂಥದ್ದನ್ನೆಲ್ಲ ಇನ್ನು ಪುರಸಭೆಯೇ ತೀರ್ಮಾನಿಸಬಹುದು. ಆಸ್ಪತ್ರೆ ಸಂಜೆ ಏಳರವರೆಗೂ ತೆರೆದಿರಲಿ ಎಂದು ಓಡಿಹೋಗಿ ಅರ್ಜಿ ಕೊಟ್ಟೆ. ಸದಸ್ಯರೆಲ್ಲ ಒಂದೇ ಸಲಕ್ಕೆ ಕೈ ಎತ್ತಿದರು. ಕಾರ್ಯದರ್ಶಿಯ ಸಹಿಯೊಂದೇ ಬಾಕಿ. ಆದರೆ ಆ ಮಹಾನುಭಾವರ ಅಡ್ಡಹೆಸರು ಮೇಲಕ್ಕಪ್ಪ, ಇಟ್ಟವನು ನಾನೇ. ಯಾವ ಕಾಗದ ಕೊಟ್ಟರೂ 'ಮೇಲಕ್ಕೆ ಕಳಿಸಿದೆ' ಎಂದು ಬರೆದೇ ಸವೆದ ಕೈ ಅದು. ಇದನ್ನೂ ಮೇಲಕ್ಕೆ ಕಳಿಸಿಬಿಟ್ಟರು!

ಮೂರು ವಾರಕ್ಕೆ ಕಡತ ವಾಪಸ್ ಬಂತು. ಒಳಗೆ ಒಂದೇ ಸಾಲು: 'ಈ ವಿಷಯದಲ್ಲಿ ಅಧಿಕಾರ ನಿಮ್ಮದೇ.'

"ಇನ್ನೇನು ಸ್ವಾಮಿ, ಸಹಿ ಹಾಕಿ" ಅಂದೆ.

"ನಾಳೆ ಏನಾದ್ರೂ ಎಡವಟ್ಟಾದ್ರೆ ಜನ ಯಾರನ್ನ ಹಿಡ್ಕೊಳ್ತಾರೆ?"

"ನಿಮ್ಮನ್ನೇ."

"ಅದೇ ನಂಗೆ ಭಯ."

ನನಗೆಲ್ಲಿತ್ತೋ ಸಿಟ್ಟು. "ಹಾಗಾದ್ರೆ ನನ್ನ ಮಗಳ ಕಾಲನ್ನೂ ಮೇಲಕ್ಕೆ ಕಳಿಸಿ, ಅವರೇ ನೋಡ್ಲಿ!" ಎಂದು ಕೂಗಿದೆ. ಕೂಗಿದ ಮೇಲೆ ಕಣ್ಣು ತುಂಬಿ ಬಂತು.

ಅವರು ಕಡತವನ್ನು ಹತ್ತಿರ ಎಳೆದುಕೊಂಡು, "ಎಷ್ಟು ತಿಂಗಳು?" ಎಂದರು.

"ಏಳು."

ಪೆನ್ನಿನ ಮುಚ್ಚಳ ತೆಗೆದರು. ಸಹಿ ಹಾಕಿದರು.

ಸೋಮವಾರದಿಂದ ಮಧ್ಯಾಹ್ನ ಒಂದರಿಂದ ಸಂಜೆ ಏಳು. ಡಾಕ್ಟರಮ್ಮನೂ ಒಪ್ಪಿದರು. ಬೋರ್ಡು ಬರೆಯಲು ಏಣಿ ಹತ್ತಿದೆ. ಕೆಳಗೆ ನಿಂತಿದ್ದ ಮೇಲಕ್ಕಪ್ಪ ಕಿಸಕ್ಕನೆ ನಕ್ಕರು. "ಏನಯ್ಯ ಅದು, ಕೊನೇ ಸಾಲು?"

ನೋಡಿದರೆ ನನ್ನ ಕುಂಚ ಹಳೇ ಚಾಳಿಗೆ 'ಮೇಲಿನವರ ಆದೇ' ತನಕ ಬರೆದುಬಿಟ್ಟಿತ್ತು. ಥೂ! ಅವರನ್ನು ಆಡಿಕೊಂಡ ನನಗೂ ಅದೇ ರೋಗ.

"ಒರೆಸು ಅದನ್ನ. 'ದೂರಿದ್ದರೆ ಎದುರಿನ ಪುರಸಭೆಯ ಕಾರ್ಯದರ್ಶಿಗೇ ಹೇಳಿ' ಅಂತ ಬರಿ. ದಪ್ಪಕ್ಷರದಲ್ಲಿ."

ಸೋಮವಾರ ಗಿರಣಿ ಬಿಟ್ಟ ಕೂಡಲೇ ಮಗಳು ಬಂದು ಸಾಲಿನಲ್ಲಿ ನಿಂತಳು. ಹೊರಬಂದಾಗ ಏಳಾಗುತ್ತಿತ್ತು. "ರಕ್ತದೊತ್ತಡ ಜಾಸ್ತಿ ಇದೆಯಂತೆ ಅಪ್ಪ. ಸರಿಯಾದ ಹೊತ್ತಿಗೆ ಬಂದೆ ಅಂದ್ರು, ಮಾತ್ರೆ ಕೊಟ್ರು. ಮಗು ಗಟ್ಟಿಯಾಗಿದೆ. ಗುರುವಾರ ಮತ್ತೆ ಬಾ ಅಂದಿದ್ದಾರೆ."

ನನ್ನ ಎದೆಯ ಭಾರ ಇಳಿಯಿತು. ಅವಳು ಮಾತ್ರ ಬೋರ್ಡು ಓದಿ, ಸೊಂಟ ಹಿಡಿದುಕೊಂಡೇ, ಇನ್ನೂ ದೀಪ ಉರಿಯುತ್ತಿದ್ದ ಎದುರಿನ ಪುರಸಭೆ ಕಚೇರಿಗೆ ನಡೆದಳು. ನಾನೂ ಹಿಂದೆಯೇ ಹೋದೆ. "ಸಾರ್, ಒಂದೂವರೆ ಗಂಟೆ ನಿಂತೇ ಇದ್ದೆ. ಕೂರೋಕೆ ಒಂದು ಬೆಂಚಿಲ್ಲ."

ಮೇಲಕ್ಕಪ್ಪನ ಕೈ ಅಭ್ಯಾಸಬಲದಿಂದ ಪೆನ್ನಿಗೆ ಹೋಯಿತು. ಅಲ್ಲೇ ನಿಂತಿತು. ಎದ್ದುಬಂದು, ಬಾಗಿಲ ಬಳಿಯ ತಮ್ಮ ಕಚೇರಿಯ ಬೆಂಚಿನ ಒಂದು ತುದಿ ಹಿಡಿದರು.

"ಏನು ನೋಡ್ತಾ ನಿಂತಿದ್ದೀಯ? ಆ ಕಡೆ ಹಿಡ್ಕೋ. ಗುರುವಾರ ಮಗಳು ಕೂತ್ಕೋಬೇಕಲ್ಲ" ಎಂದರು.