ಕಂದು ಕೊಬ್ಬು

ಕರುವಿನ ಹಿಂಗಾಲು ಹಾಲ್ವರ್‌ನ ಹೊಟ್ಟೆಗೆ ಬಡಿಯಿತು. ಹುಟ್ಟಿ ಒಂದೇ ದಿನವಾಗಿದ್ದ ಹಿಮಸಾರಂಗದ ಕರು, ಪೆಟ್ಟಿನಲ್ಲಿ ಜೋರಿರಲಿಲ್ಲ. ಆದರೂ ಅವನು ಹಿಂದೆ ಸರಿದ.

"ಗಟ್ಟಿಯಾಗಿ ಅಪ್ಕೋ ಮಾರಾಯ, ಕಚ್ಚಲ್ಲ ಅದು," ಎಂದಳು ಬೆರಿತ್. "ಮಗು ಎತ್ಕೊಂಡು ಗೊತ್ತಿಲ್ವಾ ನಿಂಗೆ?"

ಆಡಿದ ಮೇಲೆ ಅವಳ ಮುಖ ಕೆಂಪಾಯಿತು. ತಲೆ ತಗ್ಗಿಸಿ, ಕರುವಿನ ಮೂತಿಗೆ ಉಸಿರಳೆಯುವ ಮುಖವಾಡದ ಪಟ್ಟಿ ಬಿಗಿಯತೊಡಗಿದಳು. ಪ್ರಾಣಿಗಳನ್ನು ನೋಡಿಕೊಳ್ಳುವ ಅವಳಿಗೆ ಬಾಯಿ ಜಾಸ್ತಿ, ಮನಸ್ಸು ಮೆತ್ತಗೆ. ಹಾಲ್ವರ್ ಕೇಳಿಸದವನಂತೆ ನಿಂತ. ಉತ್ತರ ನಾರ್ವೆಯ ಈ ಟ್ರೊಮ್ಸೊ ಊರಿನ ಜನ ತನ್ನೆದುರು ಅರ್ಧಕ್ಕೇ ಮಾತು ನುಂಗುವುದಕ್ಕೆ ಅವನು ಒಗ್ಗಿಹೋಗಿದ್ದ. ಈಚೆಗಂತೂ ಅದು ಅವನಿಗೆ ಒಂದು ಬಗೆಯ ಅನುಕೂಲವೇ ಆಗಿತ್ತು. ಉತ್ತರ ಕೊಡುವ ಕೆಲಸವಿರಲಿಲ್ಲ.

ಹಿಮಸಾರಂಗದ ಕರು ಮೇ ತಿಂಗಳಲ್ಲಿ, ಇನ್ನೂ ಕರಗದ ಹಿಮದ ಮೇಲೆ, ಒದ್ದೆ ಮೈಯಲ್ಲಿ ಬಂದು ಬೀಳುತ್ತದೆ. ಸಾಯಬೇಕು, ಸಾಯುವುದಿಲ್ಲ. ಭುಜಗಳ ನಡುವೆ, ಮೂತ್ರಪಿಂಡದ ಸುತ್ತ ಅದಕ್ಕೆ ಒಂದಿಷ್ಟು ಕಂದು ಬಣ್ಣದ ಕೊಬ್ಬಿರುತ್ತದೆ. ಓಡುವುದಕ್ಕಲ್ಲ, ಬೆಳೆಯುವುದಕ್ಕಲ್ಲ, ಸುಮ್ಮನೆ ಉರಿದು ಮೈಯನ್ನು ಬೆಚ್ಚಗಿಡುವುದಕ್ಕೆಂದೇ ಇರುವ ಕೊಬ್ಬು. ಕೆಲವು ವಾರ ಕಳೆದರೆ ಅದು ಎಲ್ಲರ ಮೈಯಲ್ಲಿರುವಂಥ ಬಿಳಿ ಕೊಬ್ಬಾಗಿಬಿಡುತ್ತದೆ. ಆ ಕೆಲವು ವಾರಗಳ ಮೇಲೆ ಹಾಲ್ವರ್ ತನ್ನ ಯೌವನವನ್ನೆಲ್ಲ ಖರ್ಚು ಮಾಡಿದ್ದ.

ಇವತ್ತಿನದು ಸರಳ ಪ್ರಯೋಗ. ಕೊಬ್ಬು ಉರಿಯದಂತೆ ತಡೆಯುವ ಮದ್ದನ್ನು ಕರುವಿಗೆ ಚುಚ್ಚುವುದು, ಶೀತಕೋಣೆಯಲ್ಲಿ ನಿಲ್ಲಿಸುವುದು, ಅದು ಏನು ಮಾಡುತ್ತದೆಂದು ನೋಡುವುದು. ಮೈಕಾವು ಮೂವತ್ತೇಳು ಡಿಗ್ರಿಗಿಳಿದರೆ ಹೊರಗೆ ತರಬೇಕು. ಅದನ್ನು ನೋಡುತ್ತ ಕೂರುವುದು ಹಾಲ್ವರ್‌ನ ಪಾಲು.

ಬೆರಿತ್ ಕರುವನ್ನು ಒಳಗೆ ಬಿಟ್ಟು ಬಾಗಿಲು ಹಾಕಿ, ಅಂಗಳದ ಬೇಲಿಯೊಳಗೆ ಗೊರಗುಟ್ಟುತ್ತಿದ್ದ ತಾಯಿ ಸಾರಂಗವನ್ನು ಸಮಾಧಾನ ಮಾಡಲು ಹೋದಳು. ಹಾಲ್ವರ್ ಪರದೆಯೆದುರು ಕುಳಿತ. ಕರುವಿನ ಮೈಕಾವಿನ ಕೆಂಪು ಗೆರೆ ನೆಟ್ಟಗೆ ಸಾಗುತ್ತಿತ್ತು. ಅವನಿಗೆ ಹಿತವೆನಿಸಿತು.

ಬಾಗಿಲಲ್ಲಿ ಗುನ್‌ವೋರ್ ನಿಂತಿದ್ದಳು.

ಅವನ ಹೆಂಡತಿ ಈ ಪ್ರಯೋಗಾಲಯಕ್ಕೆ ಯಾವತ್ತೂ ಬಂದವಳಲ್ಲ. ಇವತ್ತು ಅವಳು ಊರನ್ನೇ ಬಿಡುವವಳಿದ್ದಳು; ದಕ್ಷಿಣದ ಸ್ಟಾವಾಂಗರ್‌ನಲ್ಲಿರುವ ತಂಗಿಯ ಮನೆಗೆ. ಎಷ್ಟು ದಿನಕ್ಕೆ ಎಂದು ಅವನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ವಿದಾಯ ಬೆಳಗ್ಗೆಯೇ ಮುಗಿದಿತ್ತು. ಕಾಫಿ ಲೋಟ ತೊಳೆಯುತ್ತ ಅವಳು "ಹಾಗಾದ್ರೆ" ಎಂದಿದ್ದಳು. ಅವನೂ "ಹಾಗಾದ್ರೆ" ಎಂದು ಚೀಲ ಹೆಗಲಿಗೇರಿಸಿದ್ದ.

"ಏನಾದ್ರೂ ಮರೆತ್ಯಾ?" ಎಂದ ಈಗ.

"ಒಂದು ವಿಷಯ ಕೇಳೋದಿತ್ತು."

"ಕೂತ್ಕೋ. ಫ್ಲಾಸ್ಕಲ್ಲಿ ಕಾಫಿ ಇದೆ."

"ಬೇಡ." ಅವಳು ಗಾಜಿನ ಕಿಂಡಿಯ ಬಳಿ ಹೋಗಿ ಶೀತಕೋಣೆಯೊಳಗೆ ನೋಡಿದಳು. "ಅದಕ್ಕೆ ಚಳಿ ಆಗ್ತಿದೆಯಾ?"

"ಸ್ವಲ್ಪ."

"ಸ್ವಲ್ಪ ಅಂದ್ರೆ?"

"ಮೂವತ್ತೊಂಬತ್ತು ಇದೆ. ತೊಂದ್ರೆ ಇಲ್ಲ."

"ನಾನು ಡಿಗ್ರಿ ಕೇಳಲಿಲ್ಲ."

ಅವಳು ಕಿಂಡಿಯಿಂದ ಮುಖ ತಿರುಗಿಸದೆಯೇ ಕೇಳಿದಳು:

"ಯೋಸ್ಟೈನ್‌ಗೆ ಎಷ್ಟು ಹೊತ್ತು ಹಿಡೀತು?"

ಯೋಸ್ಟೈನ್ ಅವರ ಒಬ್ಬನೇ ಮಗ. ಕಳೆದ ವರ್ಷ ಕ್ರಿಸ್‌ಮಸ್‌ಗೆಂದು ಓದುವ ಊರಿನಿಂದ ಬಂದವನು ಮತ್ತೆ ಹೋಗಲಿಲ್ಲ. ದಿನವಿಡೀ ಮಲಗಿರುತ್ತಿದ್ದ. ಸೂರ್ಯನೇ ಹುಟ್ಟದ ತಿಂಗಳುಗಳಲ್ಲಿ ಎಲ್ಲರಿಗೂ ಹಾಗೇ ಎಂದರು ನೆಂಟರು. ಫೆಬ್ರವರಿಯಲ್ಲಿ ಬೆಳಕು ಮರಳಿದಾಗ ಒಂದು ಬೆಳಗ್ಗೆ ತಾನಾಗಿ ಎದ್ದು ಹಿಮದ ಮೇಲೆ ಜಾರುವ ಸ್ಕೀ ಹಲಗೆಗಳಿಗೆ ಮೇಣ ಹಚ್ಚುತ್ತ ಕುಳಿತ. ಅಡುಗೆಮನೆಯಿಂದ ಅದನ್ನು ನೋಡಿದ ಗುನ್‌ವೋರ್ ಗಂಡನ ಕೈ ಹಿಡಿದು ಅದುಮಿದ್ದಳು. ಅವನು ಹೋದ ಬೆಟ್ಟದ ಮೇಲೆ ಸಂಜೆ ಬಿರುಗಾಳಿಯೆದ್ದಿತು. ಹುಡುಕಲು ಹೋದವರಿಗೆ ಮೂರನೆಯ ದಿನ ಸಿಕ್ಕಿದ. ಮೈಮೇಲೆ ಜಾಕೆಟ್ ಇರಲಿಲ್ಲ.

"ಯಾಕೀಗ ಅದೆಲ್ಲ?" ಎಂದ ಹಾಲ್ವರ್.

"ಇನ್ಯಾವಾಗ? ಜಾಕೆಟ್ ತಾನೇ ತೆಗೆದಿದ್ದ. ಆ ಗಾಳೀಲಿ. ಸಾಯ್ಬೇಕು ಅಂತ್ಲೇ ಹೋದ, ಅಲ್ವಾ?" ಅವಳ ದನಿ ಅಂಗಡಿಯಲ್ಲಿ ಬೆಲೆ ವಿಚಾರಿಸುವವರ ದನಿಯಂತಿತ್ತು. "ಹೇಳು. ಚಳಿ ಬಗ್ಗೆ ಓದಿದವನು ನೀನು. ನಾನು ಇನ್ಯಾರನ್ನ ಕೇಳ್ಲಿ?"

ಅವನು ಪರದೆಯನ್ನೇ ನೋಡುತ್ತ ಹೇಳತೊಡಗಿದ. ತರಗತಿಯಲ್ಲಿ ಹೇಳುವಂತೆಯೇ ಬಂತು. ಮೊದಲು ನಡುಕ. ಮೈಯಲ್ಲಿ ಸುಡಲು ಏನಿದೆಯೋ ಅದನ್ನೆಲ್ಲ ಮೈ ಸುಡುತ್ತದೆ. ಚರ್ಮದ ರಕ್ತನಾಳಗಳನ್ನು ಹಿಂಡಿ, ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಕೊನೆಗೆ ಹಿಡಿದು ಹಿಡಿದು ಸೋತು, ಬಿಟ್ಟುಬಿಡುತ್ತದೆ. ಆಗ ಒಳಗಿದ್ದ ಬೆಚ್ಚಗಿನ ರಕ್ತ ಒಮ್ಮೆಗೇ ಚರ್ಮಕ್ಕೆ ನುಗ್ಗುತ್ತದೆ.

"ಬೆಂಕಿ ಹತ್ತಿದ ಹಾಗೆ ಅನ್ನಿಸುತ್ತೆ ಅವರಿಗೆ. ಬಟ್ಟೆ ಕಿತ್ತು ಬಿಸಾಡ್ತಾರೆ. ಬೆಟ್ಟದಲ್ಲಿ ಸಿಗೋರಲ್ಲಿ ಎಷ್ಟೋ ಜನ ಹಾಗೇ ಸಿಗ್ತಾರೆ. ಅದು ಅವರ ಇಷ್ಟ ಅಲ್ಲ, ಗುನ್‌ವೋರ್. ಮೈ ಮಾಡೋದು."

ಅವಳು ಗೋಡೆ ಹಿಡಿದು, ಬೆರಿತ್‌ಳ ಮುಕ್ಕಾಲಿಯ ಮೇಲೆ ಮೆಲ್ಲನೆ ಕುಳಿತಳು.

"ಸೆಕೆ ಆಯ್ತಾ ಅವನಿಗೆ?"

"ಹೂಂ."

"ಕೊನೇಲಿ ಬೆಚ್ಚಗಿದ್ದ?"

"ಬೆಚ್ಚಗಿದೀನಿ ಅನ್ನಿಸಿರುತ್ತೆ."

ಅವಳು ತಲೆಯೆತ್ತಿ ಅವನ ಕಡೆ ನೋಡಿದಳು.

"ಇದು ನಿಂಗೆ ಆಗ್ಲೇ ಗೊತ್ತಿತ್ತಾ?"

"ಎಲ್ಲರಿಗೂ ಗೊತ್ತಿರೋದೇ ಅಲ್ವಾ. ಡಾಕ್ಟರು ಹೇಳಿರ್ತಾರೆ ಅಂದ್ಕೊಂಡೆ."

"ನಂಗ್ಯಾರೂ ಹೇಳಲಿಲ್ಲ." ಅವಳು ಒಂದೊಂದೇ ಮಾತನ್ನು ಎತ್ತಿ ಇಡುವಂತೆ ನುಡಿದಳು. "ನನ್ನ ಮಗನಿಗೆ ನನ್ನ ಮನೇಲಿ ಬದುಕೋಕೆ ಇಷ್ಟ ಇರಲಿಲ್ಲ ಅಂತ ದಿನಾ ಬೆಳಗ್ಗೆ ನೆನಪು ಮಾಡ್ಕೊಂಡು ಎದ್ದಿದೀನಿ. ನೀನು ಎದುರಿಗೇ ಕೂತು ರೊಟ್ಟಿಗೆ ಚೀಸು ಕೊಯ್ಕೋತಿದ್ದೆ."

ಅದು ನಿಜ. ಕೊಯ್ದುಕೊಳ್ಳುತ್ತಿದ್ದ. ತೆಳ್ಳಗೆ, ಎಲ್ಲ ಕಡೆ ಒಂದೇ ದಪ್ಪಕ್ಕೆ.

ಆದರೆ ಡಾಕ್ಟರ ವಿಷಯ ಸುಳ್ಳು. ಅವತ್ತು ಆಸ್ಪತ್ರೆಯ ಕಾರಿಡಾರಿನಲ್ಲಿ ಒಬ್ಬ ಪೊಲೀಸಿನವನು ಹಾಲ್ವರ್‌ನನ್ನು ಪಕ್ಕಕ್ಕೆ ಕರೆದಿದ್ದ. ಜಾಕೆಟ್ ಬಿಸಾಡಿದ್ದಲ್ಲ. ಹಿಮದಲ್ಲಿ ಸ್ಕೀ ಊರುಗೋಲನ್ನು ನೆಟ್ಟು, ಕಾಲರಿನ ಕುಣಿಕೆಯಿಂದ ಅದಕ್ಕೆ ನೇತುಹಾಕಿತ್ತು. ಕೈಗವಸುಗಳು ಜೇಬಿನೊಳಗಿದ್ದವು. ಜೇಬಿನ ಜಿಪ್ ಹಾಕಿತ್ತು. ತಾಯಿಗೆ ಇದೆಲ್ಲ ಬೇಡವೇನೋ, ಎಂದಿದ್ದ ಪೊಲೀಸಿನವನು.

ಮೈಗೆ ಬೆಂಕಿ ಹತ್ತಿದವನು ಜಾಕೆಟ್ಟನ್ನು ನೇತುಹಾಕುತ್ತಾನೆಯೇ? ಹಾಲ್ವರ್ ಓದಿದ್ದರಲ್ಲಿ ಎಲ್ಲಿಯೂ ಹಾಗಿರಲಿಲ್ಲ. ಹಾಕಲೂಬಹುದು. ಹೊರಗಿನಿಂದ ಬಂದೊಡನೆ ಜಾಕೆಟ್ ಗೂಟಕ್ಕೆ ಹೋಗಬೇಕೆಂದು ಗುನ್‌ವೋರ್ ಮಗನಿಗೆ ಎಷ್ಟು ಸಲ ಗದರಿದ್ದಳೋ. ಬುದ್ಧಿ ಮಂಜಾದ ಮೇಲೂ ಕೈ ತನ್ನ ಪಾಡಿಗೆ ಕಲಿತದ್ದನ್ನು ಮಾಡಿರಬಹುದು. ಅಥವಾ, ಎಲ್ಲವೂ ತಿಳಿಯಾಗಿದ್ದ ತಲೆಯಲ್ಲಿ, ಆತುರವಿಲ್ಲದೆ. ಎರಡೂ ಕಡೆ ಸಮನಾಗಿ ತೂಗುತ್ತಿತ್ತು. ಬಾಯಿ ತೆರೆದರೆ ಎರಡನ್ನೂ ಹೇಳಬೇಕಾಗುತ್ತಿತ್ತು. ಅದಕ್ಕೇ ಬಾಯಿ ತೆರೆದಿರಲಿಲ್ಲ.

"ಎಲ್ಲಿ ಬಿದ್ದಿತ್ತು?" ಎಂದಳು ಗುನ್‌ವೋರ್.

"ಯಾವುದು?"

"ಜಾಕೆಟ್."

ಹಾಲ್ವರ್ ಪರದೆಯಿಂದ ಕಣ್ಣು ತೆಗೆದು ಮೊದಲ ಸಲ ಅವಳ ಮುಖ ನೋಡಿದ. ಅವಳು ಬಾಯಿ ಅರ್ಧ ತೆರೆದು ಕಾಯುತ್ತಿದ್ದಳು.

"ಹಿಮದ ಮೇಲೆ. ಕಿತ್ತು ಎಸೆದುಬಿಟ್ಟಿದ್ದ."

"ದೂರನಾ?"

"ಸ್ವಲ್ಪ ದೂರ. ಒಂದು ತೋಳು ಒಳಮೈ ಹೊರಗಾಗಿತ್ತಂತೆ."

ಆ ತೋಳು ಎಲ್ಲಿಂದ ಬಂತೋ ಅವನಿಗೇ ತಿಳಿಯಲಿಲ್ಲ. ಯಾರೂ ಅವನಿಗೆ ಹಾಗೆ ಹೇಳಿರಲಿಲ್ಲ.

ಗುನ್‌ವೋರ್ ಅತ್ತಳು. ಹೆಣ ಮನೆಗೆ ಬಂದ ದಿನವೂ ಅವಳು ಹೀಗೆ ಅತ್ತಿರಲಿಲ್ಲ. ದನಿಯೇ ಇಲ್ಲದೆ, ಮಂಡಿಗಳ ಮೇಲೆ ಬಾಗಿ, ಹೊಟ್ಟೆ ಹಿಡಿದುಕೊಂಡು. "ತೋಳು," ಎಂದಳು ಒಮ್ಮೆ. "ಯಾವಾಗ್ಲೂ ಹಾಗೇ ತೆಗೀತಿದ್ದ." ಹಾಲ್ವರ್ ಎದ್ದು ಹೋಗಿ ಅವಳ ಭುಜದ ಮೇಲೆ ಕೈಯಿಟ್ಟ. ದಪ್ಪ ಉಣ್ಣೆಯ ಕೋಟು. ಅಂಗೈಗೆ ಏನೂ ಮುಟ್ಟಲಿಲ್ಲ. ನಿಜ ಹೇಳಿಬಿಡಲೇ ಎನ್ನಿಸಿತು, ಆ ಕೂಡಲೇ, ಅವಳಿನ್ನೂ ಅಳುತ್ತಿರುವಾಗಲೇ.

"ಹಾಲ್ವರ್!"

ಬೆರಿತ್ ಅವನನ್ನು ತಳ್ಳಿಕೊಂಡೇ ಒಳನುಗ್ಗಿದಳು. ಪರದೆಯ ಮೇಲೆ ಕೆಂಪು ಗೆರೆ ಯಾವಾಗಲೋ ಕೆಳಗೆ ಜಾರಿ ತಳ ಸೇರಿತ್ತು. ಅವಳು ಶೀತಕೋಣೆಯ ಬಾಗಿಲನ್ನು ಎಳೆದು, ಕರುವನ್ನು ಎತ್ತಿ ತಂದು ನೆಲದ ಮೇಲೆ ಮಲಗಿಸಿ, ಮುಖವಾಡ ಕಿತ್ತಳು. ಕರುವಿನ ಕತ್ತು ವಾಲಿತು.

"ಮೂವತ್ತೈದು! ಕಣ್ಣು ಎಲ್ಲಿಟ್ಟಿದ್ದೆ ನೀನು? ಟವೆಲ್ ಕೊಡು. ಅಲ್ಲಿ, ಹಿಂದ್ಗಡೆ! ನಿಂತ್ಕೊಂಡು ಏನ್ ನೋಡ್ತಿದೀಯ?"

ಅವಳು ತನ್ನ ಅಂಗಿ ಬಿಚ್ಚಿ ಕರುವನ್ನು ಎದೆಗೆ ಒತ್ತಿಕೊಂಡು, ಮೇಲಿಂದ ಟವೆಲಿನಲ್ಲಿ ಉಜ್ಜಿದಳು. ಬಾಯಿ ತುಂಬ ಬೈಗುಳ. ಅವನಿಗೋ ಕರುವಿಗೋ ತಿಳಿಯುವಂತಿರಲಿಲ್ಲ. ಹಾಲ್ವರ್ ಬಿಸಿನೀರಿನ ಚೀಲ ತಂದ. ಕಾಲುಗಳನ್ನು ಹಿಡಿದ. ಆ ಕಡ್ಡಿಯಂಥ ಕಾಲುಗಳು ಮರದಂತಿದ್ದವು. ಬಹಳ ಹೊತ್ತಿನ ಮೇಲೆ ಅವುಗಳಲ್ಲೊಂದು ಸಣ್ಣಗೆ ಅದುರಿತು. ಆಮೇಲೆ ಮೈಯೆಲ್ಲ ಗಡಗಡನೆ ನಡುಗತೊಡಗಿತು.

"ನಡುಗು, ನಡುಗು ನನ್ನಪ್ಪಾ," ಎಂದಳು ಬೆರಿತ್. ಅವಳ ಕಣ್ಣಲ್ಲಿ ನೀರಿತ್ತು.

ಹಾಲ್ವರ್ ತಿರುಗಿ ನೋಡಿದ. ಮುಕ್ಕಾಲಿ ಖಾಲಿಯಿತ್ತು.

"ಹೋಗು," ಎಂದಳು ಬೆರಿತ್ ತಲೆಯೆತ್ತದೆ. "ಇಲ್ಲಿ ನಿನ್ನಿಂದ ಆಗೋದು ಏನಿಲ್ಲ. ಹೋಗು ಅಂದ್ನಲ್ಲ!"

ಅವನು ಮೆಟ್ಟಿಲಿಳಿದು ಓಡಿದ. ಮೊದಲ ಅಂತಸ್ತಿನಲ್ಲಿ, ಊರುಗೋಲಿನ ವಿಷಯ ಹೇಳಿಬಿಡಬೇಕೆಂದುಕೊಂಡ. ನೆಲಮಹಡಿಗೆ ಬರುವಷ್ಟರಲ್ಲಿ, ಅದಲ್ಲ, ಹೋಗಬೇಡವೆನ್ನಬೇಕೆಂದುಕೊಂಡ. ಹೊರಬಾಗಿಲು ತಳ್ಳಿದಾಗ ಎರಡೂ ಮಾತು ಬಾಯಲ್ಲಿರಲಿಲ್ಲ.

ಹೊರಗೆ ಸಮುದ್ರದ ಕಡೆಯಿಂದ ಗಾಳಿ ಬೀಸುತ್ತಿತ್ತು. ಅಂಗಳದ ತುದಿಯಲ್ಲಿ ಅವಳ ಕಾರು ನಿಂತಿತ್ತು. ಇಂಜಿನ್ ಸದ್ದಿರಲಿಲ್ಲ. ಹಿಂದೆ ಮುಂದೆ, ಎರಡೂ ಬದಿ, ಗಾಜುಗಳೆಲ್ಲ ಬೆಳ್ಳಗಾಗಿದ್ದವು. ಆ ಬಿಳುಪಿನ ಹಿಂದೆ ಕಪ್ಪಗೆ ಏನೋ ಇತ್ತು; ಅವಳ ತಲೆಯಿರಬಹುದು, ಸೀಟಿನ ಮೇಲೆ ಪೇರಿಸಿಟ್ಟ ಸಾಮಾನಿರಬಹುದು. ಅವಳು ಇನ್ನೂ ಅಳುತ್ತಿದ್ದಾಳೋ, ತನ್ನನ್ನೇ ನೋಡುತ್ತಿದ್ದಾಳೋ, ತಿಳಿಯಲಿಲ್ಲ.

ಅವನು ಹತ್ತಿರ ಹೋಗಿ ಅಂಗಿಯ ತೋಳಿನಿಂದ ಗಾಜನ್ನು ಒರೆಸಿದ. ಮತ್ತೆ ಒರೆಸಿದ.

ಆವಿ ಗಾಜಿನ ಒಳಮೈಯಲ್ಲಿತ್ತು.