ಮಾಣಿಕಾಳ ಮಹಾಸಂಚಿಕೆ

ಮಾಣಿಕಾ ಈ ಶುಕ್ರವಾರ ಸಾಯುತ್ತಾಳೆ ಎಂಬ ಸುದ್ದಿ ದ್ರೌಪದಿಯ ಕಿವಿಗೆ ಬಿದ್ದದ್ದು ಹಿಟ್ಟಿನ ಗಿರಣಿಯಲ್ಲಿ. ಜೋಳದ ಡಬ್ಬಿ ಕೈಯಲ್ಲೇ ಉಳಿಯಿತು.

“ಹಡಿಯೂ ಹೊತ್ತಿನ್ಯಾಗೇ ಸಾಯತಾಳ ಅತ್ತಿ, ಐದನೇ ಭಾಗದಾಗ ಹಂಗೇ ಬರದಾರ,” ಎಂದಳು ಪಕ್ಕದ ಮನೆಯ ಜಸ್ಮೀನ. “ಕೂಸು ಉಳೀತದ, ತಾಯಿ ಹೋಗತಾಳ. ಅದನ್ನ ಬದಲಿ ಮಾಡ್ರಿ ಅಂತ ಅರ್ಧಾ ಮಂದಿ, ಮಾಡಬ್ಯಾಡ್ರಿ ಅಂತ ಅರ್ಧಾ ಮಂದಿ, ನಮ್ಮ ಗ್ರೂಪಿನ್ಯಾಗ ದೊಡ್ಡ ಜಗಳಾನೇ ನಡದದ.”

‘ಏಳು ಬುರುಜಿನ ಮಾಣಿಕಾ’ ಎಂದರೆ ಮಾದನಹಿಪ್ಪರಗಾದ ಆ ಓಣಿಗೆ ಬರೀ ಕಾದಂಬರಿಯಲ್ಲ. ಸುಲ್ತಾನರ ಕಾಲದ ಕೋಟೆ, ಬುರುಜು ಕಾಯುವವನ ಮಗಳು ಮಾಣಿಕಾ, ಅವಳಿಗೆ ಮನಸೋತ ಕುದುರೆ ವ್ಯಾಪಾರಿ ಅಸದ್. ಈ ಕಥೆಯ ಐದು ಭಾಗಗಳು ಆಳಂದ, ಅಫಜಲಪುರ, ಜೇವರ್ಗಿಯ ಹೆಣ್ಣುಮಕ್ಕಳ ಕೈಯಿಂದ ಕೈಗೆ ಹೋಗಿ, ಬೆನ್ನು ಹರಿದು, ದಾರ ಹಾಕಿಸಿಕೊಂಡು, ಮತ್ತೆ ಹರಿದಿದ್ದವು. ಅದೇ ಓಣಿಯ, ಓದು ಬಾರದ ಪ್ಯಾರಿಬಿಯಂಥವರು ಶೇಂಗಾ ಸುಲಿಯುತ್ತ ಓದಿಸಿ ಕೇಳಿದ್ದರು. ಅದೇ ಧಾರಾವಾಹಿಯಾಗಿ ಟಿವಿಗೆ ಬಂದದ್ದೇ ತಡ, ಓಣಿಗೆ ಓಣಿಯೇ ತಪ್ಪು ಹುಡುಕಲು ಕುಳಿತಿತು. ಅಸದನ ಗಡ್ಡ ಅಂಗಡಿಯಲ್ಲಿ ಕೊಂಡದ್ದಂತೆ. ಸಿಪಾಯಿ ಒರಗಿದರೆ ಕೋಟೆಯ ಗೋಡೆ ಅಲುಗಾಡುತ್ತದಂತೆ. ಮಾಣಿಕಾಳ ಹುಬ್ಬು ಯಾವ ಸುಲ್ತಾನನ ಕಾಲದಲ್ಲಿ ಹಾಗೆ ಕೊರೆದಿದ್ದರು? ಬೈಯುವುದು, ನೋಡುವುದು, ಅಳುವುದು, ಮರುದಿನ ಏಳು ಗಂಟೆಗೆ ಮತ್ತೆ ಪ್ಯಾರಿಬಿಯ ದೊಡ್ಡ ಟಿವಿಯ ಮುಂದೆ ಹಾಜರಾಗುವುದು. ಇದು ಅವರ ಭಕ್ತಿ.

ದ್ರೌಪದಿಗೂ ಓದು ಬಾರದು. ಅವಳಿಗೆ ಮಾಣಿಕಾ ಗೊತ್ತಾದದ್ದು ಮಗಳು ಪಂಚಶೀಲಾಳಿಂದ. ಹುಡುಗಿ ಶಾಲೆಗೆ ಹೋಗುವಾಗ ಆ ಪುಸ್ತಕಗಳನ್ನು ದಿಂಬಿನಡಿ ಇಟ್ಟುಕೊಂಡೇ ಮಲಗುತ್ತಿದ್ದಳು. ಆಗ ಓಣಿಗೆ ಬಂದಿದ್ದದ್ದು ನಾಲ್ಕೇ ಭಾಗ. ಐದನೆಯದನ್ನು ಜಸ್ಮೀನ ತನ್ನ ದೊಡ್ಡಮ್ಮನ ಊರಾದ ಜೇವರ್ಗಿಯಿಂದ ತಂದು ತಾನೊಬ್ಬಳೇ ಓದಿದ್ದು ಪಂಚಶೀಲಾಳ ಮದುವೆಯಾದ ಮೇಲೆ. ಹಾಗಾಗಿ ಮಗಳಿಗೆ ಕೊನೆ ಗೊತ್ತಿಲ್ಲ. ದ್ರೌಪದಿ ಹಾಗೆಂದು ನಂಬಿದ್ದಳು.

ಈಗ ಪಂಚಶೀಲಾ ಸೀಮಂತದ ಕುಬಸ ಮಾಡಿಸಿಕೊಂಡು ಬಾಣಂತನಕ್ಕೆ ತವರಿಗೆ ಬಂದಿದ್ದಳು. ಎಂಟು ತಿಂಗಳು. ಹಿಂದೆ ಎರಡು ಸಲ ಬಸಿರು ನಿಂತು ಇಳಿದಿತ್ತು. ಈ ಸಲ ಬಿಪಿ ಏರುತ್ತಿದೆ, ಜೋಪಾನ ಎಂದು ಡಾಕ್ಟರು ಎಚ್ಚರಿಸಿದ್ದರು. ಅತ್ತ ಟಿವಿಯಲ್ಲಿ ಮಾಣಿಕಾ ಕೂಡ ಬಸಿರಿ. “ನೀವಿಬ್ಬರೂ ಕೂಡೇ ಹಡೀತೀರಿ ಬೇ!” ಎಂದು ಓಣಿಯವರು ಚೇಷ್ಟೆ ಮಾಡುತ್ತಿದ್ದರು. ಆಗ ದ್ರೌಪದಿಯೇ ಎಲ್ಲರಿಗಿಂತ ಜೋರಾಗಿ ನಕ್ಕಿದ್ದಳು.

ಅವಳೇನು ತಾಯತ ಕಟ್ಟುವವಳಲ್ಲ. ಮಗಳ ಕೈಗೆ ದಾರ ಕಟ್ಟಲು ಬಂದ ಪ್ಯಾರಿಬಿಗೆ, “ನಮ್ಮ ಮನ್ಯಾಗ ಬುದ್ಧ ಇದ್ದಾನ, ಇವೆಲ್ಲ ನಡಿಯಂಗಿಲ್ಲ,” ಎಂದು ಕಡ್ಡಿ ಮುರಿದಂತೆ ಹೇಳಿದವಳು. ಆದರೂ ಅಂದು ಬುದ್ಧ ವಿಹಾರದಲ್ಲಿ ವಂದನೆಗೆ ಕೂತಾಗ ಬಾಯಿಗೆ ಸಾಲುಗಳೇ ಬರಲಿಲ್ಲ. ಕಣ್ಣು ಮುಚ್ಚಿದರೆ ಟಿವಿಯ ಜಾಹೀರಾತಿನಲ್ಲಿ ತೋರಿಸಿದ್ದ ಆ ಕೋಣೆ, ಒಂದು ಎಣ್ಣೆ ದೀಪ, ನೋವು ತಿನ್ನುವ ಮಾಣಿಕಾ. ಮುಖ ಮಾತ್ರ ಪಂಚಶೀಲಾಳದು. ತನಗೆ ಹೆದರಿಕೆಯಾಗುತ್ತಿದೆ ಎಂದು ಹೇಳಿಕೊಳ್ಳಲು ಅವಳಿಗೆ ನಾಚಿಕೆ. ಹೇಳದೆ ನುಂಗಿಕೊಂಡಳು, ಅದು ಒಳಗೇ ಬೆಳೆಯಿತು.

ಮಗಳು ಅದನ್ನು ನೋಡಬಾರದು. ಇದೊಂದೇ ತಲೆಯಲ್ಲಿ ಕೂತಿತು. ನೋಡಬೇಡ ಎಂದರೆ ಯಾಕೆ ಎನ್ನುತ್ತಾಳೆ. ಮನೆಯ ಟಿವಿ ಕೆಡಿಸಿದರೆ ಪ್ಯಾರಿಬಿಯ ಮನೆಯಿದೆ. ಫೋನಿನಲ್ಲಿ ನೋಡುವ ಭಯವಿಲ್ಲ, ಅಲ್ಲಿಯ ನೆಟ್‌ವರ್ಕ್ ಮಾತಿಗೆ ಸಾಕು, ಚಿತ್ರಕ್ಕೆ ಸಾಲದು. ಯೋಚಿಸಿ ಯೋಚಿಸಿ ದ್ರೌಪದಿ ನೇರ ಲೈನ್‌ಮನ್ ಹುಲೆಪ್ಪನ ಬಳಿ ಹೋದಳು. ಅವನು ಅವಳ ತವರೂರಿನವನು, ಅಕ್ಕಾ ಎಂದೇ ಕರೆಯುವವನು.

“ಶುಕ್ರವಾರ ಏಳಕ್ಕ ನಮ್ಮ ಓಣಿ ಫ್ಯೂಜ್ ತಗಿಯೋ ತಮ್ಮಾ. ಮಾಣಿಕಾ ಮುಗಿದ ಮ್ಯಾಲೆ ಹಾಕು. ಅರ್ಧಾ ತಾಸಿನ ಮಾತು.”

ಹುಲೆಪ್ಪ ಕಂಗಾಲಾದ. “ಅಕ್ಕಾ, ಬ್ಯಾರೆ ಏನರ ಕೇಳು. ನಾನೂ ಅದನ್ನೇ ನೋಡಾಂವ!”

“ನೀ ಮ್ಯಾಲಿನ ಓಣ್ಯಾಗ ಕುಂತು ನೋಡು, ಯಾರು ಬ್ಯಾಡ ಅಂದ್ರು? ನನ್ನ ಮಗಳ ಜೀವದ ಪ್ರಶ್ನೆ ಅದ.” ಹುಲೆಪ್ಪ ತಲೆ ಕೆರೆದುಕೊಳ್ಳುತ್ತ ಮಾತು ಕೊಟ್ಟ.

ಶುಕ್ರವಾರ ಹೊತ್ತು ಮುಳುಗುವಾಗಲೇ ಪ್ಯಾರಿಬಿಯ ಪಡಸಾಲೆ ತುಂಬಿತು. ಬಸಿರಿಗೆಂದು ಇಟ್ಟ ಕುರ್ಚಿಯಲ್ಲಿ ಪಂಚಶೀಲಾ ಕೂತಳು. ತಾಯಿಯನ್ನು ಕರೆದು, “ಅವ್ವಾ, ನೀ ಇಲ್ಲೇ ನನ್ನ ಬಾಜು ಕೂಡು,” ಎಂದು ಕೈ ಹಿಡಿದುಕೊಂಡಳು. ಅಂಗೈ ಬೆವೆತಿತ್ತು. ಸೆಖೆಗೆ ಎಂದುಕೊಂಡಳು ದ್ರೌಪದಿ.

ಹಾಡು ಶುರುವಾಯಿತು, ಕೋಟೆಯ ಬಾಗಿಲು ತೆರೆಯಿತು, ಕರೆಂಟು ಹೋಯಿತು.

ಪಡಸಾಲೆ ಹೋ ಎಂದಿತು. “ಯಾವ ಹರಾಮಖೋರ ತಗದಾನ, ಅವನ ಕೈ ಸೇದಿ ಹೋಗ್ಲಿ!” ಎಂದು ಪ್ಯಾರಿಬಿ ಶಾಪ ಹಾಕಿದಳು. ಕತ್ತಲಲ್ಲಿ ದ್ರೌಪದಿ ಉಸಿರು ಬಿಟ್ಟಳು. ಗಿರಣಿಯಿಂದ ಬಂದಂದಿನಿಂದ ಅವಳು ನೆಮ್ಮದಿಯಾಗಿ ಬಿಟ್ಟ ಮೊದಲ ಉಸಿರು ಅದು.

“ಸೆಕಿ ಆಗಾಕತ್ತದವ್ವಾ, ಹೊರಗ ಕೂಡತೇನಿ,” ಎಂದು ಪಂಚಶೀಲಾ ಎದ್ದಳು. ತಡಿ, ಫೋನಿನ ಬೆಳಕು ಹಚ್ಚುತ್ತೇನೆ ಎಂದು ದ್ರೌಪದಿ ಸೊಂಟಕ್ಕೆ ಕೈ ಹಾಕುವಷ್ಟರಲ್ಲಿ, ಹೊಸ್ತಿಲಾಚೆಯ ಮೆಟ್ಟಿಲ ಮೇಲೆ ಏನೋ ಧೊಪ್ಪನೆ ಬಿದ್ದ ಸದ್ದು ಕೇಳಿತು. ಆಮೇಲೆ ಒಂದು ಕೂಗು. ಆ ಕೂಗು ಯಾರದೆಂದು ಯಾರೂ ಕೇಳಬೇಕಾಗಿರಲಿಲ್ಲ.

ಫೋನುಗಳು ಒಂದೊಂದಾಗಿ ಹೊತ್ತಿಕೊಂಡವು. ಓಣಿಯ ಆಶಾ ಕಾರ್ಯಕರ್ತೆ ಜೀನತ ಎಲ್ಲರನ್ನೂ ತಳ್ಳಿಕೊಂಡು ಬಂದು ಮೆಟ್ಟಿಲ ಬುಡದಲ್ಲಿ ಮಂಡಿಯೂರಿದಳು. ಪಂಚಶೀಲಾಳ ನೀರಿನ ಚೀಲ ಒಡೆದಿತ್ತು. ನೀರಿನ ಜೊತೆ ಕೆಂಪೂ ಇತ್ತು. ಜೀನತ ಅಂಬುಲೆನ್ಸಿಗೆ ಫೋನು ಹಚ್ಚಿದಳು. ಆಳಂದದಿಂದ ಬರಬೇಕು.

“ಅಲ್ಲಿತನಕ ಇಲ್ಲೇ ಏನರ ಆದ್ರ ನನಗ ಬೆಳಕ ಬೇಕು. ಈ ಟಾರ್ಚಿನ್ಯಾಗ ನೆತ್ರ ಎಷ್ಟು ಹೋಗ್ಯದಂತ ತಿಳಿಯಂಗಿಲ್ಲ,” ಎಂದಳು.

“ಬರತದ, ಈಗ ಬರತದ!” ದ್ರೌಪದಿಯ ಬಾಯಿಂದ ಮಾತು ತಾನಾಗೇ ಹೊರಬಿತ್ತು. “ಅರ್ಧಾ ತಾಸಷ್ಟೇ. ಹುಲೆಪ್ಪ ಹಾಕತಾನ, ನನಗ ಮಾತು ಕೊಟ್ಟಾನ.”

ಎಲ್ಲ ಫೋನುಗಳ ಬೆಳಕು ಅವಳ ಕಡೆ ತಿರುಗಿತು. ಪ್ಯಾರಿಬಿ ಶಾಪ ಹಾಕಿದ ಬಾಯಿಗೆ ಸೆರಗು ಒತ್ತಿಕೊಂಡಳು. ಕೊನೆಗೆ ಜಸ್ಮೀನ ಮೆಲ್ಲಗೆ ಹೇಳಿದಳು: “ಅತ್ತಿ, ಇವತ್ತ ಮಹಾಸಂಚಿಕೆ. ಪೂರಾ ಒಂದು ತಾಸು ಅದ.”

ದ್ರೌಪದಿ ಹುಲೆಪ್ಪನಿಗೆ ಫೋನು ಹಚ್ಚಿದಳು. ಗಂಟೆ ಬಾರಿಸಿತು, ಬಾರಿಸಿತು, ನಿಂತಿತು. ಮತ್ತೆ ಹಚ್ಚಿದಳು. ಧಾರಾವಾಹಿ ನೋಡುವಾಗ ಆ ಮನುಷ್ಯ ದೇವರು ಕರೆದರೂ ಫೋನು ಎತ್ತುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವಳೂ ಎತ್ತುತ್ತಿರಲಿಲ್ಲ. ಪ್ಯಾರಿಬಿ ಒಳಗಿನಿಂದ ಎಣ್ಣೆ ದೀಪ ಹಚ್ಚಿ ತಂದು ಪಂಚಶೀಲಾಳ ತಲೆಯ ಬಳಿ ಇಟ್ಟಳು. ಒಂದು ದೀಪ, ನೋವು ತಿನ್ನುವ ಮುಖ. ದ್ರೌಪದಿ ಟಿವಿಯಿಂದ ಮುಚ್ಚಿಡಲು ಹೊರಟ ಚಿತ್ರವನ್ನು ತನ್ನ ಕೈಯಾರೆ ಓಣಿಯಲ್ಲಿ ಹರವಿ ಇಟ್ಟಿದ್ದಳು. ಮಗಳ ಪಕ್ಕ ಕುಸಿದು ಕೂತಳು.

ಅಂಬುಲೆನ್ಸ್ ಬಂದು ಪಂಚಶೀಲಾಳನ್ನು ಎತ್ತುವ ಹೊತ್ತಿಗೆ ಕರೆಂಟು ಬಂತು. ಯಾವ ಮನೆಯಲ್ಲೂ ಯಾರೂ ಟಿವಿ ಆರಿಸಿರಲಿಲ್ಲ. ಓಣಿಯ ಎಲ್ಲ ಟಿವಿಗಳೂ ಒಮ್ಮೆಲೇ ಎಚ್ಚರಗೊಂಡವು. ಮಹಾಸಂಚಿಕೆ ಮುಗಿದು, ಮುಂದಿನ ಸಂಚಿಕೆಯ ತುಣುಕು ನಡೆದಿತ್ತು. ಈ ಮನೆಯಿಂದ, ಆ ಮನೆಯಿಂದ, ಎದುರು ಮನೆಯಿಂದ ಅಸದನ ಗೋಳು ಕೇಳಿತು: “ಮಾಣಿಕಾ, ಕಣ್ಣು ತೆರೆ! ಮಾಣಿಕಾ!” ದ್ರೌಪದಿ ಮಗಳ ಕಿವಿಗಳನ್ನು ಎರಡೂ ಕೈಯಿಂದ ಗಟ್ಟಿಯಾಗಿ ಮುಚ್ಚಿದಳು.

ಗಾಡಿಯ ಬಾಗಿಲು ಹಾಕಿದ ಮೇಲೆ ಪಂಚಶೀಲಾ ಆ ಕೈಗಳನ್ನು ಬಿಡಿಸಿದಳು. ತುಟಿ ಒಣಗಿತ್ತು.

“ಅಕಿ ಸಾಯತಾಳಂತ ನನಗ ಗೊತ್ತವ್ವಾ. ಅಫಜಲಪುರದ ಹಾಸ್ಟೆಲಿನ್ಯಾಗ ಇದ್ದಾಗೇ ಐದನೇ ಭಾಗ ಓದೀನಿ.”

“ಮತ್ತ ಯಾಕ ನೋಡಾಕ ಬಂದಿ?”

“ಅಂಜಿಕಿ ಆಗಿತ್ತು. ಮನ್ಯಾಗ ಒಬ್ಬಾಕಿನೇ ಕುಂತು ಅದನ್ನೇ ನೆನಸಾಕ ಆಗತಿರಲಿಲ್ಲ. ನಿನ್ನ ಕೈ ಹಿಡಕೊಂಡು, ಎಲ್ಲಾರ ನಡುವ ಕುಂತು ನೋಡಿದ್ರ ಅದು ಬರೀ ಕಥಿ ಅನಸತದ ಅಂದಕೊಂಡಿದ್ದೆ.” ನೋವು ಬಂದು ಹೋಗುವವರೆಗೆ ಅವಳು ಹಲ್ಲು ಕಚ್ಚಿದಳು. “ಒಂದು ಮಾತು ನನ್ನ ಕೇಳಬೇಕಿತ್ತವ್ವಾ.”

ಮಗಳ ಬೆವೆತ ಅಂಗೈ ದ್ರೌಪದಿಗೆ ಈಗ ಅರ್ಥವಾಯಿತು. ಒಂದೇ ಭಯವನ್ನು ಒಂದೇ ಮನೆಯಲ್ಲಿ ಇಬ್ಬರೂ ಬಚ್ಚಿಟ್ಟುಕೊಂಡು ಉಂಡು ಮಲಗಿದ್ದರು. ಆಳಂದ ಮುಟ್ಟುವವರೆಗೂ ಅವಳು ಆ ಕೈ ಬಿಡಲಿಲ್ಲ.

ಕೂಸು ಹೆಣ್ಣು. ತಾಯಿಗೆ ರಕ್ತ ಏರಿಸಿದರು, ಬೆಳಗಾಗುವಾಗ ಅವಳು ಕಣ್ಣು ತೆರೆದು ನೀರು ಕೇಳಿದಳು. ಪ್ಯಾರಿಬಿ ಫೋನು ಮಾಡಿ, ಮಾಣಿಕಾ ಸತ್ತಳಂತೆ, ಹಾಳಾಗಿ ಹೋಗಲಿ ಆ ಧಾರಾವಾಹಿ, ನಮ್ಮ ಹುಡುಗಿ ಹೇಗಿದ್ದಾಳೆ ಎಂದು ಅತ್ತಳು. ಉಳಿದಾಳ ಎಂದಷ್ಟೇ ಹೇಳಿ ದ್ರೌಪದಿ ಫೋನು ಇಟ್ಟಳು.

ಕೂಸಿನ ಮಾತು ಬೇರೆ. ತಿಂಗಳು ತುಂಬದೆ ಹುಟ್ಟಿದ ಜೀವ, ಅಂಗೈಗಿಂತ ತುಸು ದೊಡ್ಡದು. ಮೈ ಬೆಚ್ಚಗಿರಲೆಂದು ಅದನ್ನು ಕಾವು ಕೊಡುವ ಯಂತ್ರದ ಕೆಳಗೆ ಮಲಗಿಸಿದ್ದರು. ಕೋಣೆಯ ಗಾಜಿನಾಚೆ ಆ ಯಂತ್ರದ ಕೆಂಪು ದೀಪ ಉರಿಯುತ್ತಿತ್ತು. ದ್ರೌಪದಿ ಗಾಜಿಗೆ ಹಣೆ ಹಚ್ಚಿ ನಿಂತಳು. ಯಂತ್ರದ ವೈರು ಗೋಡೆಯ ಪ್ಲಗ್ಗಿನವರೆಗೆ ಹೋಗಿರುವುದನ್ನು ಕಣ್ಣಿನಿಂದಲೇ ಹಿಂಬಾಲಿಸಿದಳು.

ಅತ್ತ ಹೊರಟಿದ್ದ ನರ್ಸನ್ನು ತಡೆದು ಕೇಳಿದಳು: “ಬಾಯಾರ, ಇಲ್ಲಿ ಕರೆಂಟ ಹೋಗತದೇನ್ರಿ?”

“ಹೋದ್ರ ಜನರೇಟರ್ ಅದ, ಅಂಜಬ್ಯಾಡ್ರಿ. ಹೋಗಿ ಜರಾ ಕುಂದರ್ರಿ.”

ದ್ರೌಪದಿ ತಲೆಯಾಡಿಸಿದಳು. ಆದರೆ ಕೂರಲಿಲ್ಲ, ದೀಪದ ಮೇಲಿನ ಕಣ್ಣನ್ನೂ ತೆಗೆಯಲಿಲ್ಲ.