ಪುದಿಯಾಪ್ಲೆಯ ತಂಪು

ಅಳಿಯನ ಕೋಣೆಯ ಗೋಡೆ ಒಡೆದು ತಂಪಿನ ಯಂತ್ರ ಕೂರಿಸಿದ ದಿನವೇ ಅಲೀಮಮ್ಮನಿಗೆ ಹೇಸಿಗೆಯಾಗಿತ್ತು. ಯಂತ್ರವನ್ನು ನೋಡಿ ಅಲ್ಲ, ಗಂಡನ ಮುಖ ನೋಡಿ. ಯಾವುದೋ ಬಿಳಿಯರ ಕಂಪೆನಿ ಆಫೀಸು ಮುಚ್ಚಿಕೊಂಡು ಹೋಗುವಾಗ ಹರಾಜಿನಲ್ಲಿ ಹಿಡಿದು ತಂದ ಆ ಕಬ್ಬಿಣದ ಪೆಟ್ಟಿಗೆಯ ಪಕ್ಕ ಮೊಯ್ದೀನಬ್ಬ ಹಲ್ಲು ಕಿರಿಯುತ್ತ ನಿಂತಿದ್ದ. ಮಗಳನ್ನು ಕೊಟ್ಟದ್ದು ಸಾಲದೆ ಮಾನವನ್ನೂ ಗಂಟು ಕಟ್ಟಿ ಅಳಿಯನ ಕೈಗೆ ಕೊಡಲು ಹೊರಟ ಹಾಗಿತ್ತು ಆ ನಿಲುವು.

ಬಂದರಿನ ಆ ಹಳೆಯ ಹಂಚಿನ ಮನೆ ಅಲೀಮಮ್ಮನಿಗೆ ತಾಯಿಯಿಂದ ಬಂದದ್ದು. ಅವರ ಕ್ರಮದಲ್ಲಿ ಮದುವೆಯಾದ ಹೆಣ್ಣು ತಾಯಿಮನೆಯಲ್ಲೇ ಇರುತ್ತಾಳೆ, ಗಂಡ ಬಂದು ಹೋಗುತ್ತಾನೆ. ಹಾಗೆ ಬರುವ ಅಳಿಯ ತಲೆ ನರೆತರೂ ಪುದಿಯಾಪ್ಲೆಯೇ, ಅಂದರೆ ಹೊಸ ಮದುಮಗನೇ. ಅವನಿಗೆಂದು ಒಂದು ಒಳ್ಳೆಯ ಕೋಣೆ, ಕೋಳಿಯ ಒಳ್ಳೆಯ ತುಂಡು, ಮಾತಿಗೆ ಮೊದಲು ಮರ್ಯಾದೆ. ಅತ್ತೆಯಾದವಳು ಅವನ ಕಣ್ಣಿಗೆ ಬೀಳುವಂತಿಲ್ಲ. ಏನಿದ್ದರೂ ಪರದೆಯ ಹಿಂದಿನಿಂದ ಹೇಳಬೇಕು. ಮೊಯ್ದೀನಬ್ಬನೂ ಇದೇ ಮನೆಗೆ ಪುದಿಯಾಪ್ಲೆಯಾಗಿ ಬಂದವನು. ಅವನಿಗೆ ಆಗ ಸಿಕ್ಕಿದ್ದು ಅಡಿಕೆ ಹಾಳೆಯ ಒಂದು ಬೀಸಣಿಗೆ, ಅದರಲ್ಲೇ ಚೆನ್ನಾಗಿ ನಿದ್ದೆ ಹೊಡೆಯುತ್ತಿದ್ದ.

ಈಗಿನ ಪುದಿಯಾಪ್ಲೆ ಜಮಾಲುದ್ದೀನ್ ಬೊಂಬಾಯಿಯಲ್ಲಿ ಹಡಗಿನ ಕಂಪೆನಿಯ ಗುಮಾಸ್ತನಾಗಿದ್ದು, ಊರಿಗೆ ಮರಳಿ ಇಲ್ಲಿಯ ಆಫೀಸೊಂದಕ್ಕೆ ಸೇರಿದವನು. ಒಂದು ದಿನ ಊಟಕ್ಕೆ ಕೂತವನು, "ಈ ಸೆಕೆಯಲ್ಲಿ ಮನುಷ್ಯರು ಮಲಗ್ತಾರಾ?" ಎಂದುಬಿಟ್ಟ. ಅಷ್ಟು ಸಾಕಾಯಿತು ಮೊಯ್ದೀನಬ್ಬನಿಗೆ.

ಯಂತ್ರ ಕೂರಿಸಲು ಕಂಕನಾಡಿಯಿಂದ ಬಂದ ಜೊಕಿಮ್ ಮೊದಲು ಕಿಟಕಿಗಳಿಗೆ ಮೊಳೆ ಹೊಡೆಸಿದ. ಮರದ ಮುಚ್ಚಿಗೆಯ ಸಂದುಗಳಿಗೆ ಹತ್ತಿ ತುರುಕಿಸಿ ಕಾಗದ ಅಂಟಿಸಿದ. ಆಮೇಲೆ ಕೇಳಿದ, "ಸಾಹುಕಾರ್ರೇ, ಇದು ಕೋಣೆಯ ಸೆಕೆಯನ್ನು ಎಳೆದು ಆಚೆ ಬಿಸಾಡುವ ಮಿಶನ್. ಹಿಂದಿನಿಂದ ಬೆಂಕಿಯಂಥ ಗಾಳಿ ಬರ್ತದೆ. ಯಾವ ಕಡೆಗೆ ಬಿಡುವ?"

ಒಂದು ಗೋಡೆಯ ಆಚೆ ನೆರೆಯವರ ಒಣಮೀನಿನ ಗೋದಾಮು. ಇನ್ನೊಂದರ ಆಚೆ ಗಂಡಸರು ಕೂತು ಮಾತಾಡುವ ಮುಂದಿನ ಜಗಲಿ. ಮೂರನೆಯದರ ಆಚೆ ಕೊಬ್ಬರಿ ತುಂಬಿಟ್ಟ ಕೋಣೆ. ನಾಲ್ಕನೆಯದರ ಆಚೆ ಅಡುಗೆಮನೆಗೆ ತಾಗಿದ ಒಳಜಗಲಿ.

"ಒಳಗೇ ಬಿಡು ಮಾರಾಯ," ಎಂದ ಮೊಯ್ದೀನಬ್ಬ. "ಅಲ್ಲಿ ಹೆಂಗಸರು ಮಾತ್ರ ಅಲ್ವಾ ಇರುವುದು?"

ಪರದೆಯ ಹಿಂದೆ ನಿಂತಿದ್ದ ಅಲೀಮಮ್ಮ ಅದನ್ನು ಕೇಳಿದಳು. ಜೊಕಿಮ್‌ಗೆ ಹೋಗುವ ಗಂಟೇನು, ಗೋಡೆ ಒಡೆದ.

ಅಂದಿನಿಂದ ಒಳಜಗಲಿ ಒಲೆಯಾಯಿತು. ಅಳಿಯ ಒಳಹೊಕ್ಕು ಬಾಗಿಲು ಹಾಕಿಕೊಂಡದ್ದೇ ತಡ, ಗೋಡೆಯಿಂದ ಹೊರಚಾಚಿದ ಆ ಪೆಟ್ಟಿಗೆಯ ಹಿಂಬದಿ ಗುರುಗುಟ್ಟುತ್ತ ಬಿಸಿ ಕಾರುತ್ತಿತ್ತು. ಕೋಣೆಯ ಕೆಟ್ಟ ಗಾಳಿ ಹೋಗಲೆಂದು ಅದರಲ್ಲೊಂದು ಕಿಂಡಿ ಬೇರೆ. ಅಳಿಯ ಸೇದಿದ ಸಿಗರೇಟು, ಹಚ್ಚಿದ ಅತ್ತರು, ತಿಂದ ಮೀನಿನ ತೇಗು ಎಲ್ಲ ಆ ಕಿಂಡಿಯಿಂದ ಹೆಂಗಸರ ಮೂಗಿಗೇ ಬರುತ್ತಿತ್ತು. ಕೆಳಗೆ ತುಕ್ಕುನೀರು ತೊಟ್ಟಿಕ್ಕುತ್ತಿತ್ತು. ಅದಕ್ಕೆಂದು ಇಟ್ಟ ಡಬ್ಬಿಯಲ್ಲಿ ದಿನವೂ ಜಿರಳೆಗಳು ಸತ್ತು ತೇಲುತ್ತಿದ್ದವು. ಮೂಗು ಮುಚ್ಚಿಕೊಂಡು ಅದನ್ನು ಚೆಲ್ಲುವ ಕೆಲಸ ಅಲೀಮಮ್ಮನದು. ಮುಂದಿನ ಜಗಲಿಯಲ್ಲಿ ಮಾತ್ರ ಮೊಯ್ದೀನಬ್ಬ ಬಂದವರಿಗೆಲ್ಲ, "ನಮ್ಮ ಪುದಿಯಾಪ್ಲೆಯ ಕೋಣೆ ಮಡಿಕೇರಿಯ ಹಾಗೆ ಉಂಟು," ಎಂದು ಕೊಚ್ಚಿಕೊಳ್ಳುತ್ತಿದ್ದ.

ಇಷ್ಟನ್ನೂ ನುಂಗಿಕೊಳ್ಳಬಹುದಿತ್ತು. ಆದರೆ ನಡುಬೇಸಗೆಯಲ್ಲಿ ಮಗಳು ಸಫಿಯಾ ಹೆತ್ತಳು. ಗಂಡು ಮಗು. ಬಾಣಂತಿಯ ಮಂಚ ಇಡಲು ಆ ಮನೆಯಲ್ಲಿ ಒಳಜಗಲಿ ಬಿಟ್ಟರೆ ಬೇರೆ ಜಾಗವಿರಲಿಲ್ಲ. ಉಳಿದ ಒಂದೇ ಕೋಣೆಯಲ್ಲಿ ಮುಚ್ಚಿಗೆಯ ತನಕ ಕೊಬ್ಬರಿಯ ಗೋಣಿ. ಇರಲಿ, ಬಾಣಂತನದ ನಲ್ವತ್ತು ದಿನ ಮುಗಿಯುವ ತನಕ ಅಳಿಯ ಅವನ ತಾಯಿಮನೆಯಲ್ಲೇ ಇರುತ್ತಾನಲ್ಲ, ಯಂತ್ರ ಬಾಯಿ ಮುಚ್ಚಿಕೊಂಡಿರುತ್ತದಲ್ಲ ಎಂದು ಅಲೀಮಮ್ಮ ಸಮಾಧಾನ ಮಾಡಿಕೊಂಡಿದ್ದಳು. ಮರ್ಯಾದಸ್ಥ ಗಂಡಸರು ಹಾಗೆಯೇ ಇರುವುದು.

ಜಮಾಲುದ್ದೀನ್ ಬಂದ. ಹೆಂಡತಿಯನ್ನು ನೋಡಲು ಅಲ್ಲ, ಮಗುವನ್ನು ನೋಡಲೂ ಅಲ್ಲ. ಮಧ್ಯಾಹ್ನ ಆಫೀಸಿನಿಂದ ಬಂದು, ಉಂಡು, ನೇರ ಕೋಣೆಗೆ ಹೋಗಿ ಯಂತ್ರ ಹಾಕಿ ಮಲಗುತ್ತಿದ್ದ. ಸಂಜೆ ಕೂದಲು ಬಾಚಿಕೊಂಡು ಹೊರಟುಹೋಗುತ್ತಿದ್ದ. ಗೋಡೆಯ ಈಚೆ ಅವನ ಹೆಂಡತಿ ಬೆವರಿನಲ್ಲಿ ತೊಯ್ದು ಮಲಗಿರುತ್ತಿದ್ದಳು. ಕೂಸಿನ ಕುತ್ತಿಗೆ, ಕಂಕುಳು, ತೊಡೆಯ ಸಂದುಗಳಲ್ಲಿ ಬೆವರುಸಾಲೆ ಎದ್ದು, ಒಡೆದು, ಕೀವಾಗಿತ್ತು. ಇಂಥವನಿಗೆ ಕೋಳಿಯ ತುಂಡು ಆರಿಸಿ ಬಡಿಸುವ ತನ್ನ ಕೈಯ ಮೇಲೂ ಅಲೀಮಮ್ಮನಿಗೆ ಹೇಸಿಗೆಯಾಗುತ್ತಿತ್ತು.

"ಅವರಿಗೆ ಒಂದು ಮಾತು ಹೇಳಿ," ಎಂದಳು ಗಂಡನಿಗೆ.

"ಪುದಿಯಾಪ್ಲೆಗೆ ಹಾಗೆಲ್ಲ ಹೇಳ್ಲಿಕ್ಕೆ ಆಗ್ತದಾ? ಬೇಸರ ಮಾಡಿ ಬರುವುದೇ ನಿಲ್ಲಿಸಿದ್ರೆ? ಸಫಿಯಾಳ ಗತಿ ಎಂತ?"

ಆ ಹೆದರಿಕೆ ಅಲೀಮಮ್ಮನಿಗೂ ಇತ್ತು. ಅಳಿಯ ಮುನಿಸಿಕೊಂಡು ಬಾರದೆ ಹೋದ ಮನೆಗಳನ್ನು ಅವಳು ಕಂಡಿದ್ದಳು, ಅಲ್ಲಿ ಕೂತೇ ಮುದುಕಿಯರಾದ ಹೆಣ್ಣುಗಳನ್ನೂ. ಅದಕ್ಕೇ ಹಲ್ಲು ಕಚ್ಚಿ ಬೀಸಣಿಗೆ ಬೀಸುತ್ತ ಕೂತಿದ್ದಳು.

ಒಂದು ಮಧ್ಯಾಹ್ನ ಮಗು ಮೊಲೆ ಹಿಡಿಯಲಿಲ್ಲ. ಅಳಲೂ ಇಲ್ಲ. ತುಟಿ ಒಣಗಿತ್ತು, ಕಣ್ಣು ಅರೆ ತೆರೆದಿತ್ತು, ಕೈಕಾಲು ಸೋತುಬಿದ್ದಿದ್ದವು. ಮೈ ಮುಟ್ಟಿದರೆ ಸುಡುತ್ತಿತ್ತು. "ಉಮ್ಮ, ಇವ ಯಾಕೆ ಹೀಗೆ ನೋಡ್ತಾನೆ?" ಎಂದು ಸಫಿಯಾ ಕೇಳಿದಳು. ಗೋಡೆಯಲ್ಲಿ ಯಂತ್ರ ಗುರುಗುಟ್ಟುತ್ತಲೇ ಇತ್ತು.

ಅಲೀಮಮ್ಮ ಮಗುವನ್ನು ಎತ್ತಿಕೊಂಡಳು. ಪರದೆ ಸರಿಸಿ ಮುಂದಿನ ಜಗಲಿಗೆ ಬಂದು, ಅಲ್ಲಿ ಕೂತಿದ್ದ ಗಂಡ ಬಾಯಿ ಬಿಡುವ ಮೊದಲೇ ಪುದಿಯಾಪ್ಲೆಯ ಕೋಣೆಯ ಬಾಗಿಲನ್ನು ಭುಜದಿಂದ ದೂಡಿ ಒಳಗೆ ನುಗ್ಗಿದಳು.

ತಂಪು ಮುಖಕ್ಕೆ ಹೊಡೆಯಿತು. ಬೆನ್ನಿನ ಬೆವರು ಒಮ್ಮೆಲೇ ಆರಿತು. ಒಂದು ಕ್ಷಣ, ಒಂದೇ ಕ್ಷಣ, ಇಲ್ಲೇ ನಿಂತುಬಿಡುವ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಮಂಚದ ಮೇಲೆ ಜಮಾಲುದ್ದೀನ್ ಕಂಬಳಿ ಹೊದ್ದು ಮಲಗಿದ್ದ. ಊರಿಡೀ ಬೇಯುವ ಮೇ ತಿಂಗಳಲ್ಲಿ, ಉಣ್ಣೆಯ ಕಂಬಳಿ, ಗಲ್ಲದ ತನಕ.

ಕಣ್ಣು ಬಿಟ್ಟವನು ಅತ್ತೆಯನ್ನು ಮೊದಲ ಸಲ ಮುಖಕ್ಕೆ ಮುಖ ನೋಡಿದ. ಗಲಿಬಿಲಿಗೊಂಡ. ಆದರೂ ಬಾಯಿಗೆ ಬಂದದ್ದು ಇಷ್ಟೇ: "ಬಾಗಿಲು ಹಾಕಿ ಮಾಮಿ. ತಂಪು ಹೋಗ್ತದೆ."

ಅಲೀಮಮ್ಮ ಮಗುವನ್ನು ಅವನ ತೋಳಿನ ಮೇಲೆ ಇಟ್ಟಳು.

"ಯಾ ಅಲ್ಲಾಹ್, ಎಷ್ಟು ಬಿಸಿ ಉಂಟು," ಎಂದ ಅವನು. "ಜ್ವರವಾ?"

"ಜ್ವರ ಅಲ್ಲ. ಇದು ನಿಮ್ಮ ಸೆಕೆ. ನೀವು ಈ ಕೋಣೆಯಿಂದ ಹೊರಗೆ ಹಾಕಿದ್ದು. ಅದು ಬೇರೆಲ್ಲಿಗೆ ಹೋಗ್ತದೆ ಅಂತ ತಿಳ್ಕೊಂಡಿದ್ರಿ?"

ಜಮಾಲುದ್ದೀನ್ ಮಗುವನ್ನು ನೋಡಿದ. ಕುತ್ತಿಗೆಯ ಕೀವು ಅವನ ಬೆರಳಿಗೆ ತಾಗಿತ್ತು. ತೋಳನ್ನು ಮೆಲ್ಲಗೆ ಎಳೆದುಕೊಂಡು ಅವನು ಬೆರಳನ್ನು ಕಂಬಳಿಗೆ ಒರೆಸಿದ, ಒಂದು ಸಲವಲ್ಲ, ಎರಡು ಮೂರು ಸಲ.

ಅಲೀಮಮ್ಮ ಮಗುವನ್ನು ಎತ್ತಿಕೊಂಡಳು, ಗೋಡೆಯ ಸ್ವಿಚ್ಚು ಆರಿಸಿದಳು, ಹೊರಬಂದಳು. ಹಿಂದಿನಿಂದ ಜಮಾಲುದ್ದೀನ್ ಚಪ್ಪಲಿ ಹುಡುಕುವ ಸದ್ದು, "ನಿಲ್ಲಿ, ನಿಲ್ಲಿ, ಹೆಂಗಸರ ಮಾತಿಗೆಲ್ಲ ಬೇಸರ ಮಾಡ್ಬೇಡಿ," ಎಂದು ಮೊಯ್ದೀನಬ್ಬ ಬೀದಿಯ ತನಕ ಅವನ ಬೆನ್ನು ಹತ್ತಿದ ಸದ್ದು.

ಅವಳು ಹಿತ್ತಿಲ ಬಾಗಿಲು ತೆರೆದು, ಗಾಳಿಯಾಡುವಲ್ಲಿ ಕೂತು, ಒದ್ದೆ ಬಟ್ಟೆಯಿಂದ ಮಗುವಿನ ಮೈ ಒರೆಸಿದಳು. ಬಹಳ ಹೊತ್ತಿನ ಮೇಲೆ ಅದು ಸಣ್ಣಗೆ ಅತ್ತಿತು. ಸಫಿಯಾ ಗೋಡೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತು ಮೊಲೆ ಕೊಟ್ಟಳು. ಈ ಸಲ ಹಿಡಿಯಿತು.

ಇನ್ನು ಮಗಳಿಗೆ ಹೇಗೆ ಹೇಳುವುದು, ನಿನ್ನ ಗಂಡನನ್ನು ನಾನೇ ಓಡಿಸಿದೆ ಎಂದು? ಅಲೀಮಮ್ಮ ಬಾಯಿ ತೆರೆದಳು.

"ಗೊತ್ತುಂಟು," ಎಂದಳು ಸಫಿಯಾ, ಮಗುವಿನಿಂದ ಕಣ್ಣು ತೆಗೆಯದೆ. "ಆ ಕಿಂಡಿಯಿಂದ ಎಲ್ಲ ಕೇಳ್ತದೆ ಉಮ್ಮ. ನಾನೂ ಇವನೂ ಒಳಜಗಲಿಯಲ್ಲಿ ಅಳುವುದು ಅವರಿಗೆ ದಿನಾ ಕೇಳ್ತಿತ್ತು. ಇನ್ನು ಅವರಿಗೆ ಹಾಸಿಗೆ ಹಾಸ್ಬೇಡಿ."